ನಲವತ್ತೆರಡನೆಯ ಚುಕ್ಕೆ

ನೊಣಗಳಿಗೆ ಭೂಗೋಳ ಗೊತ್ತಿಲ್ಲ. ಮುನ್ನೂರು ವರ್ಷದ ಹಿಂದೆ ಯಾರೋ ಪುಣ್ಯಾತ್ಮ ತಾಮ್ರದ ತಗಡಿನ ಮೇಲೆ ಕೂದಲೆಳೆಯಷ್ಟು ಸಣ್ಣ ಗೀರುಗಳಲ್ಲಿ ಸಮುದ್ರ, ತೀರ, ಬಂಡೆಗಳನ್ನೆಲ್ಲ ಕೊರೆದು, ಮಸಿ ತುಂಬಿ, ಕಾಗದದ ಮೇಲೆ ಒತ್ತಿ ತೆಗೆದ ನಕಾಶೆ ಯಾರದೋ ಮನೆಯ ಗೋಡೆಯಲ್ಲಿ ತೂಗುತ್ತಿರುತ್ತದೆ. ನೊಣ ಬರುತ್ತದೆ, ನಡುಸಮುದ್ರದಲ್ಲಿ ಕೂರುತ್ತದೆ, ತನ್ನ ಕೆಲಸ ಮುಗಿಸಿ ಹಾರಿಹೋಗುತ್ತದೆ. ಅಲ್ಲಿಗೆ ಒಂದು ಹೊಸ ದ್ವೀಪ ಹುಟ್ಟಿದಂತಾಯಿತು. ಅಂಥ ದ್ವೀಪಗಳನ್ನು ಕೆರೆದು ತೆಗೆಯುವುದು ನಮ್ಮ ಮನೆಯ ಕಸುಬು. ನಗಬೇಡಿ, ಮೂರು ತಲೆಮಾರಿನ ಹೊಟ್ಟೆ ತುಂಬಿಸಿದ ಕಸುಬು ಅದು.

ಕಸುಬು ಮಾವನದು. ನಾನು ಸೊಸೆಯಾಗಿ ಬಂದವಳು. ಮಾವನ ಮಗ, ಅಂದರೆ ನನ್ನ ಗಂಡ, ಕಾಗದ ಮುಟ್ಟಿದರೆ ಕಾಗದ ಅಳುತ್ತದೆ. ಅವನಿಗೆ ಮರ ಒಲಿದಿದೆ. ಮನೆಯ ಮುಂದಿನ ಕೋಣೆಯಲ್ಲಿ ಅವನು ಚೌಕಟ್ಟು ಕಟ್ಟುತ್ತಾನೆ, ಹಿಂದಿನ ಕೋಣೆಯಲ್ಲಿ ಉತ್ತರದ ಕಿಟಕಿಯ ಕೆಳಗೆ ನಾನೂ ಮಾವನೂ ನಕಾಶೆಗಳಲ್ಲಿ ಹರಿದದ್ದನ್ನು ಅಂಟಿಸುತ್ತೇವೆ, ಕಲೆ ತೆಗೆಯುತ್ತೇವೆ. ಅಂಟಿಸುತ್ತಿದ್ದೆವು ಎನ್ನಬೇಕು. ಈಗ ನಾನೊಬ್ಬಳೇ.

ಮದುವೆಯಾದ ಮೊದಲ ವರ್ಷ ಬೇಸರ ಕಳೆಯಲು ಆ ಕೋಣೆಯಲ್ಲಿ ಕೂರುತ್ತಿದ್ದೆ. ಒಂದು ದಿನ ಮಾವ ತಲೆ ಎತ್ತದೆ, "ಸುಮ್ನೆ ನೋಡ್ತಾ ಕೂತ್ರೆ ಕಣ್ಣಿಗೆ ಬಾಡಿಗೆ ಕೊಡ್ಬೇಕಾಗತ್ತೆ, ಬಾಮ್ಮ ಇಲ್ಲಿ," ಎಂದು ಒಂದು ಮೂಳೆಯ ಪಟ್ಟಿ ಕೈಗಿತ್ತರು. ಕೆರೆದ ಜಾಗದ ನಾರನ್ನು ಉಜ್ಜಿ ಮಟ್ಟ ಮಾಡುವ ಪಟ್ಟಿ ಅದು. ಹನ್ನೊಂದು ವರ್ಷ ಅವರ ಎಡಬದಿಗೆ ಕೂತು ಕಲಿತೆ. ನನ್ನ ಕೈ ಒಳ್ಳೆಯ ಕೈ ಎಂದು ಅವರೇ ಹೇಳಿದ್ದರು. ಅದು ತಲೆಗೇರಿತ್ತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದಕ್ಕೆಲ್ಲ ಅದೇ ಬೇರು.

ಮಾವನ ಕೋಣೆಯಲ್ಲಿ ಎರಡು ಕಟ್ಟುಪಾಡು. ಒಂದು, ಒಳಗೆ ಶಾಯಿಯ ಪೆನ್ನು ತರುವಂತಿಲ್ಲ, ಬರೆಯುವುದೆಲ್ಲ ಪೆನ್ಸಿಲ್ಲಿನಲ್ಲಿ. ಇನ್ನೊಂದು, ಎರಡು ಎಣಿಕೆ.

ಎರಡು ಎಣಿಕೆ ಎಂದರೆ ಹೀಗೆ. ನಕಾಶೆಯ ಮೇಲೆ ದಾರ ಕಟ್ಟಿದ ಮರದ ಚೌಕಟ್ಟು ಇಡುತ್ತೇವೆ. ದಾರಗಳಿಂದ ಹದಿನಾರು ಮನೆ ಆಗುತ್ತವೆ. ಮೊದಲು ಒಬ್ಬರು ಭೂತಗನ್ನಡಿ ಹಿಡಿದು, ಯಾವ ಮನೆಯಲ್ಲಿ ಎಷ್ಟು ನೊಣದ ಚುಕ್ಕೆ ಇದೆ ಎಂದು ಒಂದು ಚೀಟಿಯ ಹದಿನಾರು ಮನೆಗಳಲ್ಲಿ ಬರೆಯಬೇಕು. ಆಮೇಲೆ ಇನ್ನೊಬ್ಬರು, ಬೇರೆಯಾಗಿ. ತಾನು ಬರೆದದ್ದನ್ನು ತಾನು ಕೂಡಿಸುವಂತಿಲ್ಲ. ಚೀಟಿ ಬದಲಾಯಿಸಿಕೊಂಡು, ಅವರದನ್ನು ನಾನು, ನನ್ನದನ್ನು ಅವರು ಕೂಡಿಸಿ ಗಟ್ಟಿಯಾಗಿ ಓದಬೇಕು. ಎರಡೂ ಒಂದೇ ಬಂದರೆ ಕೆರೆಯುವ ಚಾಕು ಎತ್ತಬಹುದು. ಬೇರೆ ಬಂದರೆ ಮಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಲೆಕ್ಕ ಕೂಡ್ಲಿಲ್ಲ. ಚಾಕು ಕೆಳಗಿಡು," ಎನ್ನುತ್ತಿದ್ದರು. ಅವತ್ತಿನ ಕೆಲಸ ಅಲ್ಲಿಗೆ ಮುಗಿಯಿತು. ಮರುದಿನ ಬೆಳಗಿನ ಬೆಳಕಿನಲ್ಲಿ ಮತ್ತೆ ಮೊದಲಿನಿಂದ.

ಮೊಸರಲ್ಲಿ ಕಲ್ಲು ಹುಡುಕುವ ಜಾತಿ ಎಂದು ನನ್ನ ಗಂಡ ಗೇಲಿ ಮಾಡುತ್ತಿದ್ದ. ಮಾವ ಅದಕ್ಕೆ, "ಕಲ್ಲು ಸಿಕ್ಕಿದ್ಮೇಲೆ ಹಲ್ಲು ಹುಡುಕೋದಕ್ಕಿಂತ ವಾಸಿ," ಎನ್ನುತ್ತಿದ್ದರು.

ಕಾರಣವಿಲ್ಲದೆ ಮಾಡಿದ ಕಟ್ಟುಪಾಡಲ್ಲ ಅದು. ಹಳೆಯ ನಾವಿಕರು ಕಂಡ ಬಂಡೆ, ದಿಬ್ಬ, ಹೆಸರಿಲ್ಲದ ಪುಟ್ಟ ದ್ವೀಪಗಳನ್ನು ಕೊರೆಯುವವರು ಒಂದು ಚುಕ್ಕೆಯಲ್ಲಿ, ಹೆಚ್ಚೆಂದರೆ ಎರಡು ಗೀರಿನಲ್ಲಿ ತೋರಿಸಿಬಿಡುತ್ತಾರೆ. ತಾಮ್ರದಿಂದ ಎದ್ದ ಮಸಿ ಬೆರಳಿಗೆ ಉಬ್ಬಾಗಿ ಸಿಗುತ್ತದೆ, ನೊಣದ ಚುಕ್ಕೆಯೂ ಹಾಗೇ. ಎಳ್ಳಿಗಿಂತ ಸಣ್ಣ ಎರಡು ಕಪ್ಪುಗಳಲ್ಲಿ ಯಾವುದು ನೆಲ, ಯಾವುದು ನೊಣ ಎಂಬುದನ್ನು ಕಣ್ಣೊಂದೇ ಹೇಳಬೇಕು.

ಮಾವನ ಕಣ್ಣಿಗೆ ಆಗ ಒತ್ತಡದ ಕಾಯಿಲೆ ಶುರುವಾಗಿತ್ತು. ಕಣ್ಣಿನ ಡಾಕ್ಟರು ದಿನಕ್ಕೆರಡು ಸಲ ಹನಿ ಹಾಕಿಕೊಳ್ಳಲು ಹೇಳಿದ್ದರು. "ಹನಿ ತಪ್ಪಿಸ್ಬೇಡಿ. ಇದ್ರಲ್ಲಿ ಹೋದ ನೋಟ ವಾಪಸ್ ಬರೋದಿಲ್ಲ," ಎಂದು ನನ್ನೆದುರೇ ಹೇಳಿದ್ದರು. ಮಾವ ಗಡಿಯಾರ ನೋಡಿಕೊಂಡು ಹಾಕಿಕೊಳ್ಳುತ್ತಿದ್ದರು. ನೋಟ ಚೆನ್ನಾಗಿಯೇ ನಿಂತಿತ್ತು. ಒಂದೇ ಒಂದು ಸಲ, ಹಿಂದಿನ ಯಾವುದೋ ಕೆಲಸದಲ್ಲಿ, ಅಂಚಿನ ಒಂದು ಚುಕ್ಕೆ ಅವರ ಎಣಿಕೆಗೆ ತಪ್ಪಿತ್ತು. ಎರಡನೆಯ ಸಲ ಎಣಿಸಿದಾಗ ಅವರೇ ಅದನ್ನು ಕಂಡು, "ವಯಸ್ಸಾಯ್ತು ಕಣಮ್ಮ," ಎಂದು ನಕ್ಕಿದ್ದರು. ಆ ನಗುವನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ. ಬೇಕಾದಾಗ ಉಪಯೋಗಕ್ಕೆ ಬಂತು.

ಆಮೇಲೆ ಭೂಗೋಳದ ಮೇಡಂ ಅವರ ನಕಾಶೆ ಬಂತು. ಮೂವತ್ತೈದು ವರ್ಷ ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತರಾದವರು. ತೆಳ್ಳಗಿನ, ನೆಟ್ಟಗಿನ ಹೆಂಗಸು. ದಕ್ಷಿಣದ ಕೊನೆಯ ಸಮುದ್ರದಲ್ಲಿ ಯಾರ ಹಡಗೂ ಬೇಕೆಂದು ಹೋಗದ ಕಡೆ ಇರುವ ಐದು ದ್ವೀಪಗಳ ನಕಾಶೆ. ಮೂಲೆಯಲ್ಲಿ ದಿಕ್ಕುಗಳ ಚಕ್ರ, ಕೆಳಗೆ ನೀರು ಉಗುಳುವ ಒಂದು ದಪ್ಪ ಮೀನು, ದ್ವೀಪಗಳ ಸುತ್ತ ಒಂದರೊಳಗೊಂದು ಅಲೆಗೀರು. ಊರಿನ ಗ್ರಂಥಾಲಯಕ್ಕೆ ಅದನ್ನು ದಾನ ಕೊಡುವವರಿದ್ದರು. ಮುಂದಿನ ಸೋಮವಾರ ಅಲ್ಲಿ ಹೊಸ ಕೋಣೆಯ ಉದ್ಘಾಟನೆ, ಬಾಗಿಲೆದುರಿನ ಗೋಡೆಗೇ ಈ ನಕಾಶೆ. ನಮಗೆ ಸಿಕ್ಕಿದ್ದು ಆರು ದಿನ.

ಬುಧವಾರ ಎಣಿಸಿದೆವು. ಮೊದಲು ನಾನು, ಊಟದ ನಂತರ ಮಾವ. ಚೀಟಿ ಬದಲಾಯಿಸಿಕೊಂಡೆವು. ಮಾವ ನನ್ನದನ್ನು ಕೂಡಿಸಿ ಓದಿದರು.

"ನಲವತ್ತೆರಡು."

ನಾನು ಅವರದನ್ನು ಕೂಡಿಸಿದೆ. ನಲವತ್ತೊಂದು. ಮತ್ತೊಮ್ಮೆ ಕೂಡಿಸಿದೆ. ನಲವತ್ತೊಂದೇ. ಮೂರನೆಯ ಸಾಲಿನ ಎರಡನೆಯ ಮನೆಯಲ್ಲಿ ನಾನು ಮೂರು ಎಂದು ಬರೆದಿದ್ದೆ, ಅವರು ಎರಡು ಎಂದು ಬರೆದಿದ್ದರು.

ನಾಳೆ ಮತ್ತೆ ಎಣಿಸಬೇಕು, ಒಂದು ದಿನ ಹೋಯಿತು ಎಂದುಕೊಂಡೆ. ಅಂಚಿನ ಆ ಚುಕ್ಕೆ ನೆನಪಾಯಿತು. ಮತ್ತೆ ಇವರ ಕಣ್ಣು ತಪ್ಪಿದೆ, ಪಾಪ, ಎದುರಿಗೇ ಹೇಳಿ ಯಾಕೆ ನೋಯಿಸಲಿ ಎಂದುಕೊಂಡೆ. ಆ 'ಪಾಪ'ವನ್ನು ನಾನು ಆಮೇಲೆ ಎಷ್ಟೋ ತಿಂಗಳು ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಪಾಪವೂ ಇಲ್ಲ, ಮರುಕವೂ ಇಲ್ಲ. ನನಗೆ ಅವಸರವಿತ್ತು, ನನ್ನ ಕಣ್ಣಿನ ಮೇಲೆ ಜಂಬವಿತ್ತು, ಸೋಮವಾರ ನಾಲ್ಕು ಜನರೆದುರು ಹೊಗಳಿಸಿಕೊಳ್ಳುವ ಆಸೆಯಿತ್ತು.

"ನಲವತ್ತೆರಡು," ಎಂದು ಓದಿದೆ.

ಮಾವ ಖುಷಿಯಿಂದ ತೊಡೆ ತಟ್ಟಿಕೊಂಡರು. "ನೋಡ್ದ್ಯಾ? ಮುದುಕನ ಕಣ್ಣು ಇನ್ನೂ ಕೆಲಸಕ್ಕೆ ಬರತ್ತೆ! ಎತ್ತಮ್ಮ ಚಾಕು."

ಎತ್ತಿದೆ. ಶುಕ್ರವಾರ ಮೂರನೆಯ ಸಾಲಿನ ಎರಡನೆಯ ಮನೆಗೆ ಬಂದೆ. ನೊಣದ ಚುಕ್ಕೆಗೆ ಚಾಕುವಿನ ತುದಿ ತಾಗಿಸಿದರೆ ಒಣಗಿದ ಹುಡಿಯಾಗಿ ಸಿಡಿಯುತ್ತದೆ. ಎರಡು ಸಿಡಿದವು. ಮೂರನೆಯದು ಸಿಡಿಯಲಿಲ್ಲ. ಅದು ಕಾಗದದ ನಾರಿನ ಜೊತೆಗೇ ಎದ್ದು ಬಂತು. ಮಸಿ ಮಾತ್ರ ಹಾಗೆ ಏಳುತ್ತದೆ. ನನ್ನ ಕೈಗೆ ಅದು ಗೊತ್ತಾಯಿತು. ಪಕ್ಕದಲ್ಲೇ ಮಾವ ಹರಿದ ಅಂಚಿಗೆ ಗೋಂದು ಸವರುತ್ತ ಏನೋ ಗುನುಗುತ್ತಿದ್ದರು. 'ಮಾವ, ಇಲ್ಲಿ ನೋಡಿ' ಎಂದು ಅನ್ನಬಹುದಿತ್ತು. ನಾನು ಮೂಳೆಯ ಪಟ್ಟಿ ತೆಗೆದು ಆ ಜಾಗವನ್ನು ಉಜ್ಜಿದೆ, ಮಟ್ಟವಾಗುವವರೆಗೆ, ಮಟ್ಟವಾದ ಮೇಲೂ.

ಭಾನುವಾರ ಮಧ್ಯಾಹ್ನ ಮೇಡಂ ನಕಾಶೆ ನೋಡಲು ಬಂದರು. ನನ್ನ ಗಂಡ ಚೌಕಟ್ಟು ಸಿದ್ಧ ಮಾಡಿ ಇಟ್ಟಿದ್ದ. ಮೇಡಂ ಕನ್ನಡಕ ಬದಲಾಯಿಸಿ ಬಾಗಿದರು. ಮೀನು ನೋಡಿದರು, ಚಕ್ರ ನೋಡಿದರು, ಮುಗುಳ್ನಕ್ಕರು. ಆಮೇಲೆ ಅವರ ಬೆರಳು ಸಮುದ್ರದ ಮೇಲೆ, ಕಾಗದಕ್ಕೆ ತಾಗದ ಹಾಗೆ, ಎಡಕ್ಕೆ ಬಂದು ನಿಂತಿತು.

"ನನ್ನ ದ್ವೀಪ ಎಲ್ಲಿ?" ಎಂದರು.

"ಐದೂ ಇದಾವಲ್ಲ ಮೇಡಂ," ಎಂದ ನನ್ನ ಗಂಡ.

"ಐದಲ್ಲ. ಆರನೇದು."

ಕೈಚೀಲದಿಂದ ಒಂದು ಫೋಟೋ ತೆಗೆದರು. ನಕಾಶೆ ನಮ್ಮಲ್ಲಿಗೆ ಬರುವ ಮೊದಲು ತೆಗೆಸಿದ್ದು. ಆ ಜಾಗದಲ್ಲಿ ಮೂರು ಚುಕ್ಕೆ ಇದ್ದವು. ಒಂದರ ಬುಡದಲ್ಲಿ, ಹುಡುಕಿದರೆ ಮಾತ್ರ ಕಾಣುವ ಹಾಗೆ, ಒಂದು ಅಲೆಗೀರು. ನೊಣ ಅಲೆ ಬರೆಯುವುದಿಲ್ಲ.

ಮೇಡಂ ಕೂತುಕೊಂಡು ಹೇಳಿದರು. ಮೊದಲು ಹೋದ ನಾವಿಕ ಅಲ್ಲಿ ಒಂದು ದ್ವೀಪ ಕಂಡೆ ಎಂದು ಬರೆದಿಟ್ಟನಂತೆ. ಕೊರೆಯುವವನು ಕೊರೆದ. ಕೆಲವು ಪ್ರತಿ ಒತ್ತಿದರು. ಆಮೇಲೆ ಹೋದ ಇನ್ನೊಬ್ಬ ನಾವಿಕನಿಗೆ ಅಲ್ಲಿ ನೀರು ಬಿಟ್ಟು ಏನೂ ಸಿಗಲಿಲ್ಲ. ತಾಮ್ರದ ತಗಡನ್ನು ಹಿಂದಿನಿಂದ ಬಡಿದು, ಮುಂದೆ ಉಜ್ಜಿ, ಆ ದ್ವೀಪವನ್ನು ಅಳಿಸಿಬಿಟ್ಟರು. ಮೋಡವನ್ನೋ ಮಂಜನ್ನೋ ನೆಲ ಅಂದುಕೊಂಡ ಒಬ್ಬ ಮನುಷ್ಯನ ತಪ್ಪು ಆ ಮೊದಲ ಕೆಲವು ಪ್ರತಿಗಳಲ್ಲಷ್ಟೇ ಉಳಿಯಿತು. ಮೇಡಂ ಹುಡುಕಿದ ಮಟ್ಟಿಗೆ ಉಳಿದಿದ್ದದ್ದು ಇದೊಂದೇ.

"ಪ್ರತಿ ವರ್ಷ ಮಕ್ಕಳಿಗೆ ಇದನ್ನೇ ಮೊದಲ ಪಾಠದಲ್ಲಿ ತೋರಿಸ್ತಿದ್ದೆ," ಎಂದರು. "ತಿಳಿದೋರೂ ತಪ್ಪು ಮಾಡ್ತಾರೆ, ಆಮೇಲೆ ತಿದ್ಕೋತಾರೆ ಅಂತ."

"ಮೊದ್ಲೇ ಒಂದು ಮಾತು ಹೇಳ್ಬಹುದಿತ್ತಲ್ಲ ಮೇಡಂ," ಎಂದಳು ಈ ಮಹಾತಾಯಿ. ಹೌದು, ನಾನೇ ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಬಾಯಿಂದ ಅಂಥ ಮಾತೇ ಬರುತ್ತದೆ.

ಮೇಡಂ ನನ್ನನ್ನು ನೋಡಿದರು. ಸಿಟ್ಟು ಮಾಡಲಿಲ್ಲ. "ನಿಮ್ಮಲ್ಲಿ ಇಬ್ಬರು ಎಣಿಸ್ತೀರಿ, ಲೆಕ್ಕ ಕೂಡದೆ ಚಾಕು ಎತ್ತಲ್ಲ ಅಂತ ಕೇಳಿದ್ದೆ. ಅಂಥವರಿಗೆ ಏನು ಹೇಳೋದು ಅಂತ ಸುಮ್ನಾದೆ."

ನೆಲ ಬಾಯಿ ಬಿಡಬಾರದೆ ಅನ್ನಿಸಿತು. ಬಿಡಲಿಲ್ಲ. ಬಾಯಿ ಬಿಟ್ಟದ್ದು ಮಾವ. ಫೋಟೋವನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು, ಮೇಜಿನ ಮೇಲಿಟ್ಟರು.

"ತಪ್ಪು ನಂದು ಮೇಡಂ. ಇವಳ ಎಣಿಕೆ ನಲವತ್ತೆರಡು, ನಂದೂ ನಲವತ್ತೆರಡು. ಅಂದ್ರೆ ನಾನೂ ಇದನ್ನ ನೊಣ ಅಂತ್ಲೇ ಎಣ್ಸಿದೀನಿ. ಒಬ್ರ ಕಣ್ಣು ತಪ್ಪಿದ್ರೆ ತಡೀಲಿ ಅಂತ್ಲೇ ಎರಡನೇ ಕಣ್ಣು ಇರೋದು. ಹಿರಿಯ ನಾನು. ನನ್ನ ಕಣ್ಣು ಹೋಗಿದೆ, ನಂಗೇ ಗೊತ್ತಾಗ್ಲಿಲ್ಲ."

ನನ್ನ ಗಂಡ ಅವರ ಹೆಗಲ ಮೇಲೆ ಕೈಯಿಟ್ಟ. ಮೇಡಂ ತಲೆ ತಗ್ಗಿಸಿದರು. ನನಗೆ ಮಾತಾಡಲು ಎಷ್ಟು ಹೊತ್ತು ಸಿಕ್ಕಿತ್ತು ಎಂದರೆ, ಹೊರಗೆ ಬೀದಿಯಲ್ಲಿ ಒಂದು ಲಾರಿ ಹಿಂದಕ್ಕೆ ಚಲಿಸಿ, ನಿಂತು, ಮುಂದಕ್ಕೆ ಚಲಿಸಿ, ತಿರುವಿನಾಚೆ ಹೋಗುವವರೆಗೆ. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಮಾವನ ಚೀಟಿ ನನ್ನ ಏಪ್ರನ್ನಿನ ಜೇಬಿನಲ್ಲೇ ಇತ್ತು.

ಸೋಮವಾರ ಗ್ರಂಥಾಲಯದ ಗೋಡೆಗೆ ಐದು ದ್ವೀಪ ಏರಿದವು. ನಾವು ಹೋಗಲಿಲ್ಲ. ಬೆಳಿಗ್ಗೆಯೇ ಮಾವ ಹಿಡಿ ಸವೆದ ತಮ್ಮ ಚಾಕುವನ್ನು ಒರೆಸಿ ನನ್ನ ಮೇಜಿನ ಮೇಲಿಟ್ಟಿದ್ದರು. "ಇನ್ನು ನೀನೇ ನೋಡ್ಕೋಮ್ಮ," ಎಂದಷ್ಟೇ ಹೇಳಿದರು.

"ಇಲ್ಲದೇ ಇರೋ ದ್ವೀಪ ಅಳ್ಸಿದ್ದಕ್ಕೆ ಇಷ್ಟು ದುಃಖಾನಾ?" ಎಂದು ನನ್ನ ಗಂಡ ಅವರನ್ನು ನಗಿಸಲು ನೋಡಿದ. ಮಾವ ನಗಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಇದು ಎಳ್ಳಿಗೆ ಹೋದ ಮಾನ. ಅದೂ ನನ್ನ ಮಾನ ಉಳಿಸಲು ಹೋದ ಅವರ ಮಾನ.

ನಾಳೆ ಹೇಳೋಣ ಎಂದುಕೊಂಡೆ. ನಾಳೆ ಎಂದವರ ಮನೆ ಹಾಳು ಎನ್ನುವುದು ಸುಮ್ಮನೆ ಅಲ್ಲ. ಮಾವ ಹಿಂದಿನ ಕೋಣೆಗೆ ಬರುವುದನ್ನು ಬಿಟ್ಟರು. ಪೇಪರ್ ಓದುವುದನ್ನು ಬಿಟ್ಟರು. ರೇಡಿಯೋದ ಪಕ್ಕ ಕುರ್ಚಿ ಎಳೆದುಕೊಂಡರು. ಎದುರು ಸಿಕ್ಕವರಿಗೆಲ್ಲ ನಾನು, "ವಯಸ್ಸಾಯ್ತಲ್ಲ, ವಿಶ್ರಾಂತಿ ತಗೊಳ್ಲಿ ಅಂತ," ಎನ್ನುತ್ತಿದ್ದೆ. ಎಷ್ಟು ಒಳ್ಳೆಯ ಸೊಸೆ ಎಂದು ಜನ ಅನ್ನುತ್ತಿದ್ದರು. ನಾನು ಕೇಳಿಸಿಕೊಳ್ಳುತ್ತಿದ್ದೆ, ಬೇಡ ಎನ್ನುತ್ತಿರಲಿಲ್ಲ.

ಹೀಗೆ ಹದಿನಾಲ್ಕು ತಿಂಗಳು. ಈ ನಡುವೆ ಅವರು ಗೋಡೆ ಸವರಿಕೊಂಡು ನಡೆಯತೊಡಗಿದ್ದನ್ನು ಕಂಡಿದ್ದೆ. ಒಂದು ದಿನ ಲೋಟದ ಪಕ್ಕಕ್ಕೆ ನೀರು ಸುರಿದದ್ದನ್ನೂ ಕಂಡಿದ್ದೆ. ಕಂಡು ಮುಖ ಆ ಕಡೆ ತಿರುಗಿಸಿದ್ದೆ. ಅವರ ಕಣ್ಣು ನಿಜವಾಗಿಯೇ ಹೋಗಿದ್ದರೆ ನನ್ನ ಸುಳ್ಳು ಸ್ವಲ್ಪ ಸಣ್ಣದಾಗುತ್ತದೆ ಎಂದು ಒಳಗೆಲ್ಲೋ ಅನ್ನಿಸಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ನಿಜ.

ಕಳೆದ ಗುರುವಾರ ನನ್ನ ಭೂತಗನ್ನಡಿ ಕೈಜಾರಿ ಒಡೆಯಿತು. ಮಾವನ ಹಳೆಯದನ್ನು ಕೇಳಲು ಹೋದೆ. ಅವರು ಅಂಗಳದಲ್ಲಿ ಬಿಸಿಲಿಗೆ ಕೂತಿದ್ದರು. "ಮಂಚದ ಪಕ್ಕದ ಡ್ರಾಯರ್‌ನಲ್ಲಿದೆ, ತಗೋ," ಎಂದರು. ಎಳೆದೆ. ಭೂತಗನ್ನಡಿಯ ಹಿಂದೆ ಪುಟ್ಟ ಪುಟ್ಟ ಡಬ್ಬಿಗಳು ಸಾಲಾಗಿ ಕೂತಿದ್ದವು. ಕಣ್ಣಿನ ಹನಿ. ಪ್ರತಿ ತಿಂಗಳು ನನ್ನ ಗಂಡ ತಂದುಕೊಡುವ ಹನಿ. ಹದಿನಾಲ್ಕು ಡಬ್ಬಿ. ಒಂದರ ಮುಚ್ಚಳವೂ ಒಡೆದಿರಲಿಲ್ಲ.

ಒಂದು ಡಬ್ಬಿ ಹಿಡಿದುಕೊಂಡು ಅಂಗಳಕ್ಕೆ ಹೋದೆ. ಅವರ ಕೈಗೆ ಅದನ್ನು ಇಟ್ಟೆ. ಬೆರಳಲ್ಲಿ ತಡವಿ ಏನೆಂದು ತಿಳಿದುಕೊಂಡರು.

"ಯಾಕೆ ಮಾವ?"

"ಇನ್ನ್ಯಾತಕ್ಕಮ್ಮ? ನೋಡೋ ಕೆಲಸ ಮುಗೀತಲ್ಲ. ನಂಬೋಕಾಗದ ಕಣ್ಣಿಗೆ ಔಷಧಿ ಹಾಕಿ ಏನು ಮಾಡ್ಲಿ? ಅವನು ಬೇಜಾರು ಮಾಡ್ಕೋತಾನೆ ಅಂತ ತಂದಾಗ ತಗೋತಿದ್ದೆ ಅಷ್ಟೆ."

ನಾನು ಒಳಗೆ ಹೋದೆ. ತೇವ ಹೀರುವ ಒತ್ತುಕಾಗದದ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಿದ್ದ ಮಾವನ ಚೀಟಿ ತೆಗೆದೆ. ಅಷ್ಟು ದಿನ ಅದನ್ನು ಹರಿದುಹಾಕಿರಲಿಲ್ಲ. ಯಾಕೆ ಎಂದು ಈಗಲೂ ಗೊತ್ತಿಲ್ಲ. ಹೊರಗೆ ಬಂದು ಅವರ ಕಾಲಬಳಿ ಮೆಟ್ಟಿಲ ಮೇಲೆ ಕೂತು, ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿದೆ. ಅವರು ಎರಡು ಎಂದು ಬರೆದ ಮನೆಯಲ್ಲಿ ನಾನು ಮೂರು ಬರೆದದ್ದು, ಸುಳ್ಳು ಓದಿದ್ದು, ಮಸಿ ನಾರಿನ ಜೊತೆ ಎದ್ದದ್ದು, ಉಜ್ಜಿದ್ದು, ಮೇಡಂ ಎದುರು ಸುಮ್ಮನೆ ನಿಂತದ್ದು. ಅವರು ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು!

ಅವರು ಕೈ ಚಾಚಿದರು. "ಎಲ್ಲಿ, ಚೀಟಿ ಕೊಡು."

ಕೊಟ್ಟೆ. ಬಿಸಿಲಿಗೆ ಮುಖ ಮಾಡಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಮುಖದಲ್ಲಿ ನಿಧಾನಕ್ಕೆ ಒಂದು ಬೆಳಕು ಬಂತು. ಹದಿನಾಲ್ಕು ತಿಂಗಳಲ್ಲಿ ನಾನು ನೋಡಿರದ ಬೆಳಕು.

"ಹೌದು, ನನ್ನ ಅಕ್ಷರವೇ," ಎಂದರು. "ಎರಡು ಅಂತ್ಲೇ ಬರ್ದಿದೀನಿ, ನೋಡು. ಎಷ್ಟು ದುಂಡಗಿದೆ!"

ಅವರ ಕಡೆಗಿದ್ದದ್ದು ಚೀಟಿಯ ಖಾಲಿ ಬೆನ್ನು.

ಸುಮ್ಮನಿದ್ದುಬಿಡೋಣ ಎಂದು ನಾಲಿಗೆ ಆಗಲೂ ಹಿಂದೆ ಸರಿಯಿತು. ಅಷ್ಟು ರೂಢಿಯಾಗಿಬಿಟ್ಟಿತ್ತು ನನಗೆ. ಮರುಕವೆಂದು ಹೆಸರಿಟ್ಟು ಇನ್ನೊಂದು ಸುಳ್ಳು ನುಂಗಬಹುದಿತ್ತು.

"ಮಾವ," ಎಂದೆ, "ಅದು ಹಿಂಬದಿ. ಆ ಕಡೆ ಏನೂ ಬರ್ದಿಲ್ಲ."

ಕೈ ಹಾಗೆಯೇ ನಿಂತಿತು. ಆಮೇಲೆ ಅವರು ಚೀಟಿಯನ್ನು ತಿರುಗಿಸಿದರು. ನೋಡಿದರು. ಕಣ್ಣ ಹತ್ತಿರ ತಂದರು, ದೂರ ಹಿಡಿದರು. ಅದನ್ನು ನನ್ನ ಕಡೆ ಚಾಚಿದರು.

"ನೀನೇ ಓದು," ಎಂದರು. "ಅವರದನ್ನ ಇವರು ಓದೋದೇ ಅಲ್ವಾ ನಮ್ಮ ಪದ್ಧತಿ."

ಹದಿನಾರು ಮನೆಯನ್ನೂ ಬೆರಳಿಟ್ಟು ಕೂಡಿಸಿದೆ. ಗಟ್ಟಿಯಾಗಿ ಓದಿದೆ.

"ನಲವತ್ತೊಂದು."

"ನಿಂದು?"

"ನಲವತ್ತೆರಡು."

ಮಾವ ಕನ್ನಡಕ ತೆಗೆದರು. ಪಕ್ಕದಲ್ಲಿ ಮೇಜು ಇರಲಿಲ್ಲ. ಕೈ ಸ್ವಲ್ಪ ಹೊತ್ತು ಗಾಳಿಯಲ್ಲಿ ಹುಡುಕಿ, ಕನ್ನಡಕವನ್ನು ತೊಡೆಯ ಮೇಲಿಟ್ಟುಕೊಂಡಿತು.

"ಲೆಕ್ಕ ಕೂಡ್ಲಿಲ್ಲ," ಎಂದರು. "ಚಾಕು ಕೆಳಗಿಡು."